ಬಾಗಿಲ ಪಕ್ಕದ ಕೆಮ್ಮಣ್ಣಿನ ನಂಬರು

ದೇವದುರ್ಗ
4-10-1982, ಸೋಮವಾರ

ಗುರುಶಾಂತಕ್ಕ ಅವರಿಗೆ ಉಮ್ಮೇ ಕುಲ್ಸುಮಳ ಸಲಾಂ.

ನಸುಕಿನ ಮೂರೂಮುಕ್ಕಾಲಿಗೆ ಎಚ್ಚರವಾಯಿತು. ಕರಕರ ಸದ್ದು. ಕುಬ್ರಾ ತೊಟ್ಟಿಲಲ್ಲಿ ಹಲ್ಲು ಕಡಿಯುತ್ತಿದ್ದಾಳೆ ಅಂದುಕೊಂಡೆ. ಹತ್ತು ತಿಂಗಳ ಕೂಸು, ಇರುವುದೇ ಕೆಳಗಿನ ಎರಡು ಹಲ್ಲು, ಅದರಲ್ಲಿ ಏನು ಕಡಿದೀತು! ಎದ್ದು ನೋಡಿದರೆ ಸದ್ದು ಅಟ್ಟದ ಮೇಲಿಂದ. ಏಣಿ ಹತ್ತಿ ಟಾರ್ಚು ಬಿಟ್ಟೆ. ನಮ್ಮ ಆರೋಗ್ಯ ಸರ್ವೆಯ ಫಾರಂ ಕಟ್ಟಿಗೆ ಇಲಿ ಹತ್ತಿತ್ತು.

ನಿಮಗೆ ನೆನಪಿರಬೇಕು. ಕಳೆದ ಬೇಸಿಗೆಯಲ್ಲಿ ನಾನು ಮಾನ್ವಿಯ ತವರಲ್ಲಿದ್ದುಕೊಂಡು, ನಾಲ್ಕು ತಿಂಗಳ ಕುಬ್ರಾಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಹಿರೇಕೊಟ್ನೆಕಲ್‌ಗೆ ಬಸ್ಸಿನಲ್ಲಿ ಹೋಗಿ ತುಂಬಿದ ನೂರಾ ಹನ್ನೆರಡು ಫಾರಂ. ಎಣ್ಣೆ, ಹಾಲು, ಧೂಳು ಹತ್ತಿ ಕೊಳೆಯಾಗಿವೆ ಎಂದು ನೀವು ಹೊಸ ಫಾರಮಿಗೆ ನಕಲು ಮಾಡಿಸಿಕೊಂಡಿರಿ. ಹಳೆಯವನ್ನು ಕೇಳಲಿಲ್ಲ, ನಾನೂ ಕೊಡಲಿಲ್ಲ. ಅವು ನನ್ನ ಜೊತೆ ದೇವದುರ್ಗಕ್ಕೆ ಬಂದವು.

ಕುಷ್ಠದ ಬಗ್ಗೆ ಕೇಳುವ ಇಪ್ಪತ್ತಮೂರನೇ ಪ್ರಶ್ನೆಯ ಮುಂದೆ ಯಾರು ಏನು ಹೇಳಿದರೋ ಎಲ್ಲ ಅದರಲ್ಲಿದೆ. ಮೇಲೆ ಮೂಲೆಯಲ್ಲಿ ನನ್ನ ನೆನಪಿಗೆಂದು ಹೆಸರನ್ನೂ ಬರೆದುಕೊಂಡಿದ್ದೇನೆ, ಉರ್ದುವಿನಲ್ಲಿ. ಯಾರಿಗೂ ತಿಳಿಯದಿರಲಿ ಅಂತ. ಇವರು ನೈಟ್ ಡ್ಯೂಟಿ ಮುಗಿಸಿ ಆರಕ್ಕೆ ಬಂದಾಗ ಹೇಳಿದೆ, ನಕ್ಕುಬಿಟ್ಟರು. "ನಿಜಾಮನ ಕಾಲ್ದಾಗ ಸಾಲಿ ಕಲಿತ ಮುದುಕ್ರೆಲ್ಲಾ ಇನ್ನೂ ಬದುಕ್ಯಾರ. ಈ ಸೀಮಿಯೊಳಗ ಉರ್ದುದಾಗ ಮುಚ್ಚಿಡೋದು ಅಂದ್ರ ಸಂತಿಯೊಳಗ ಮುಚ್ಚಿಟ್ಟಂಗ." ಆಮೇಲೆ ಕತ್ತರಿಸಿದ ಹಾಳೆಯನ್ನು ಎತ್ತಿ ಹಿಡಿದು, "ಇಲಿಗೆ ನಿನ್ನ ಸರ್ವೆ ರುಚಿ ಹತ್ತ್ಯಾದ. ನಿಮ್ಮ ಪ್ರೊಫೆಸರ್ ಸಾಹೇಬ್ರಿಗಿಂತ ಮೊದ್ಲ ಓದಿ ಮುಗಿಸ್ತದ" ಅಂದರು. (ಮನೆಯಲ್ಲಿ ದಖನಿಯಲ್ಲಿ ಅಂದದ್ದು, ನಿಮಗಾಗಿ ಕನ್ನಡ ಮಾಡಿದ್ದೇನೆ.)

ಅಕ್ಕಾ, ಇವನ್ನು ಏನು ಮಾಡಲಿ? ಸುಡಲೇ, ಕಳಿಸಲೇ? ಪ್ರತಿ ಬಾಗಿಲಲ್ಲೂ "ನಿಮ್ಮ ಹೆಸರು ಎಲ್ಲೂ ಬರೋದಿಲ್ರೀ" ಅಂದವಳು ನಾನು. ಆ ಕಟ್ಟು ತಲೆಯ ಮೇಲೆ ಇರುವವರೆಗೆ ನಿದ್ದೆ ಹತ್ತುವಂತಿಲ್ಲ. ಹಾಗೆ ನೋಡಿದರೆ ನನಗೆ ನಿದ್ದೆ ಹತ್ತಿ ಬಹಳ ದಿನವಾಯಿತು, ಅದು ಬೇರೆ ಮಾತು.

ನಿಮ್ಮ
ಉಮ್ಮೇ ಕುಲ್ಸುಮ್

—

ರಾಯಚೂರು
11-10-1982

ಪ್ರಿಯ ಕುಲ್ಸುಮ್,

ನಿನ್ನ ಇಲಿಯ ಪುರಾಣ ಓದಿ ಹೇಳಿದೆ, ನಮ್ಮ ಸಂಶೋಧನಾ ಘಟಕದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಸರ್ ಕೂಡ.

ಫಾರಂ ಸುಡಬೇಡ. ಮೂಲ ಪ್ರತಿಗಳು ವಿಶ್ವವಿದ್ಯಾಲಯಕ್ಕೆ ಸೇರಿದವು, ಐದು ವರ್ಷ ಇಟ್ಟುಕೊಳ್ಳಬೇಕಂತೆ. ಯಾವಾಗಲಾದರೂ ಈ ಕಡೆ ಬಂದಾಗ ತಾ, ಅಲ್ಲಿಯವರೆಗೆ ಟ್ರಂಕಿನಲ್ಲಿಡು. ಅವುಗಳ ಮೇಲೆ ಹೆಸರಿದೆ ಎಂದು ಅಷ್ಟು ಗಾಬರಿ ಏಕೆ? ನೀನು ಕೊಟ್ಟ ನಕಲಿನಲ್ಲಿ ಒಂದು ಹೆಸರೂ ಇಲ್ಲ, ಬರೀ ನಂಬರು. ವರದಿಯಲ್ಲೂ ಅಷ್ಟೇ.

ಆ ನಂಬರಿನ ಬಗ್ಗೆಯೇ ಒಂದು ಒಳ್ಳೆಯ ಸುದ್ದಿ. ಉಳಿದ ಹುಡುಗಿಯರ ಫಾರಂಗಳಲ್ಲಿ ನಂಬರು ತಪ್ಪಿ, ಎರಡೆರಡು ಸಲ ಬಂದು, ಟೇಬಲ್ ಹಾಕುವುದರಲ್ಲಿ ನನ್ನ ಕಣ್ಣು ಹೋದವು. ನಿನ್ನದೊಂದೇ ಅಚ್ಚುಕಟ್ಟು. 8, 14, 37, 61... ಬೀದಿ ಹಿಡಿದು ನಡೆದಂತೆ. ಎಲ್ಲಿಂದ ತಂದೆ ಈ ನಂಬರು? ಸರ್ ಮೆಚ್ಚಿಕೊಂಡರು. ವರದಿ ಸ್ಟೆನ್ಸಿಲ್ ಆಗುತ್ತಿದೆ. ಮುಖಪುಟದಲ್ಲಿ ಈ ಸಲ ನನ್ನ ಹೆಸರೂ ಇರುತ್ತದಂತೆ. ಆರು ವರ್ಷಕ್ಕೆ ಮೊದಲ ಸಲ.

ಕೂಸಿಗೆ ಮುತ್ತು. ನೀನು ಮಧ್ಯಾಹ್ನವಾದರೂ ಮಲಗು.

ಗುರುಶಾಂತಮ್ಮ

—

ದೇವದುರ್ಗ
15-10-1982, ಶುಕ್ರವಾರ

ಗುರುಶಾಂತಕ್ಕ,

ಮುಖಪುಟದಲ್ಲಿ ನಿಮ್ಮ ಹೆಸರು ಬರುವ ಸುದ್ದಿ ಓದಿ ಇವರು ಸಂಜೆ ಜಿಲೇಬಿ ತಂದರು. ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ನನ್ನ ಪತ್ರಗಳನ್ನು ಅಲ್ಲಿ ಓದಿ ಹೇಳಬೇಡಿ.

ನಂಬರಿನ ಗುಟ್ಟು ಕೇಳಿದಿರಲ್ಲ, ಅದು ನನ್ನ ಬುದ್ಧಿವಂತಿಕೆ! ಮಲೇರಿಯಾದವರು ಔಷಧಿ ಹೊಡೆಯಲು ಬಂದಾಗ ಪ್ರತಿ ಮನೆಯ ಬಾಗಿಲ ಪಕ್ಕ ಕೆಮ್ಮಣ್ಣಿನಲ್ಲಿ ನಂಬರು ಬರೆದಿರುತ್ತಾರೆ. ಹೆಸರು ಬೇಡವೆಂದಿರಿ, ನಾನು ಅದನ್ನೇ ಬರೆದುಕೊಂಡೆ. ತಪ್ಪುವ ಮಾತೇ ಇಲ್ಲ. ಏನಾದರೂ ಬಿಟ್ಟುಹೋಗಿದ್ದರೆ ಮರುದಿನ ಸೀದಾ ಅದೇ ಮನೆಗೆ ಹೋಗಬಹುದಿತ್ತು.

37 ಅಂದಿರಲ್ಲ, ಅದು ವೆಂಕಮ್ಮನ ಮನೆ. ಗದ್ದೆಯ ಕೂಲಿಗೆ ಹೋಗುವ ಹೆಂಗಸು, ಗಂಡನಿಲ್ಲ, ಒಬ್ಬಳೇ ಮಗಳು ಯಮನಮ್ಮ. ಅಂದು ನಾನು ಬರೆಯಲು ಕೂತಾಗ ಕುಬ್ರಾ ಪೆನ್ನಿಗೆ ಕೈ ಹಾಕುತ್ತಿದ್ದಳು. ವೆಂಕಮ್ಮ, "ಕೊಡ್ರಿ ಇಲ್ಲಿ, ನಿಮ್ಮ ಮಗಳು ಸರ್ಕಾರದ ಕಾಗದಕ್ಕ ಸಹಿ ಮಾಡಾಕತ್ಯಾಳ" ಎಂದು ಎತ್ತಿಕೊಂಡಳು. ತೊಡೆಯ ಮೇಲೆ ಕೂಡಿಸಿಕೊಂಡು ಎಷ್ಟು ಚೆಂದ ಆಡಿಸಿದಳೆಂದರೆ, ನಾನು ಇಪ್ಪತ್ತೆರಡು ಪ್ರಶ್ನೆ ಒಂದೇ ಉಸಿರಿಗೆ ಮುಗಿಸಿದೆ. ಇಪ್ಪತ್ತಮೂರು ಕೇಳಿದೆ: "ಮನಿಯೊಳಗ ಯಾರಿಗಾದ್ರೂ ಸ್ಪರ್ಶ ಇಲ್ಲದ ಮಚ್ಚಿ ಅವ ಏನ್ರೀ?"

ವೆಂಕಮ್ಮ ಎದ್ದು ಬಾಗಿಲು ಮುಂದೆ ಮಾಡಿದಳು. ನನ್ನ ಎದುರು ಕೂತು, "ಮೊದ್ಲ ನಿಮ್ಮ ಕೂಸು ತಗೋರಿ ಯವ್ವಾ. ಆಮ್ಯಾಲ ಹೇಳ್ತೀನಿ" ಅಂದಳು. ನಾನು ತೆಗೆದುಕೊಂಡೆ. ಆಮೇಲೆ ಹೇಳಿದಳು. ಎರಡು ವರ್ಷದಿಂದ ಅವಳಿಗೆ ಬೆನ್ನ ಮೇಲೆ ಮಚ್ಚೆ. ಊರ ಆಸ್ಪತ್ರೆಗೆ ಹೋದರೆ ತಿಳಿಯುತ್ತದೆಂದು ತಿಂಗಳಿಗೊಮ್ಮೆ ರಾಯಚೂರಿಗೆ ಹೋಗಿ ಬಿಳಿ ಮಾತ್ರೆ ತರುತ್ತಾಳೆ. ಜೋಳದ ಗಡಿಗೆಯಲ್ಲಿ ಹೂತಿಟ್ಟು ನುಂಗುತ್ತಾಳೆ. ಹೆತ್ತ ಮಗಳಿಗೂ ಹೇಳಿಲ್ಲ.

"ಇದು ಯಾರ್ ಮುಂದನೂ ಆಡಿಲ್ರೀ. ನೀವು ಕಲ್ತವರು, ನಿಮ್ಮ ಹೊಟ್ಟಿಯೊಳಗ ಹಾಕೀನಿ" ಅಂದಳು. ನಾನು ನಂಬರು ತೋರಿಸಿ ಹೇಳಿದೆ: "ನೋಡ್ರಿ, ಹೆಸರಿಲ್ಲ. ಬರೀ ಮೂವತ್ತೇಳು."

ಇಷ್ಟೇ ಅಕ್ಕಾ. ಯಾಕೋ ಬರೆಯಬೇಕೆನಿಸಿತು.

ಕುಲ್ಸುಮ್

—

ರಾಯಚೂರು
2-11-1982

ಪ್ರಿಯ ಕುಲ್ಸುಮ್,

ಉತ್ತರ ತಡವಾಯಿತು. ಮೊಹರಂಗೆ ನೀನು ತವರಿಗೆ ಹೋಗಿರಬಹುದೆಂದೂ ಸುಮ್ಮನಿದ್ದೆ. ಇಲ್ಲಿ ಸ್ಟೆನ್ಸಿಲ್ ಶಾಯಿಯಲ್ಲಿ ಮುಳುಗಿದ್ದೇವೆ. ಅನ್ನದ ತಟ್ಟೆಯಲ್ಲೂ ಅದರದೇ ವಾಸನೆ.

ಮಲೇರಿಯಾ ನಂಬರಿನ ಮಾತನ್ನು ಸರ್‌ಗೆ ಹೇಳಿದೆ. (ಪತ್ರ ಓದಿ ಹೇಳಲಿಲ್ಲ, ಇದೊಂದನ್ನೇ ಹೇಳಿದೆ.) ಕುರ್ಚಿಯಿಂದ ಎದ್ದುಬಿಟ್ಟರು! "ಹಾಗಿದ್ದರೆ ನಮ್ಮ ಪಟ್ಟಿ ಹಿಡಿದು ಆರೋಗ್ಯ ಇಲಾಖೆಯವರು ಸೀದಾ ಮನೆಗೇ ಔಷಧಿ ಮುಟ್ಟಿಸಬಹುದು. ಸಂಶೋಧನೆ ಅಂದರೆ ಇದು" ಅಂದರು. ವರದಿಯ ಕೊನೆಗೆ ಮೂರು ಹಾಳೆಯ ಅನುಬಂಧ ಸೇರಿಸಿದ್ದೇವೆ. ಊರವಾರು, ರೋಗ ಇರುವ ಮನೆಗಳ ನಂಬರು. ಹಿರೇಕೊಟ್ನೆಕಲ್‌ನದು ಒಂಬತ್ತು. ಅರವತ್ತು ಪ್ರತಿ. ಆಸ್ಪತ್ರೆಗಳಿಗೆ, ತಾಲೂಕಿನ ಬ್ಲಾಕ್ ಆಫೀಸುಗಳಿಗೆ, ಪಂಚಾಯ್ತಿಗಳಿಗೆ. 19ರ ಬೆಳಿಗ್ಗೆ ಎಂಟಕ್ಕೆ ಜೀಪು ಹೊರಡುತ್ತದೆ.

ನಿನ್ನ ವೆಂಕಮ್ಮ ಇನ್ನು ತಿಂಗಳ ತಿಂಗಳ ಬಸ್ ಚಾರ್ಜು ಕೊಟ್ಟು ರಾಯಚೂರಿಗೆ ಬರಬೇಕಿಲ್ಲ. ಸಂತೋಷಪಡು.

ಗುರುಶಾಂತಮ್ಮ

—

ದೇವದುರ್ಗ
8-11-1982, ಸೋಮವಾರ

ಗುರುಶಾಂತಕ್ಕ,

ನಿಮ್ಮ ಪತ್ರ ಬಂದಾಗ ನಾನು ಸಂತೋಷವನ್ನೇ ಪಟ್ಟೆ. ಅದನ್ನು ಒಪ್ಪಿಕೊಳ್ಳಬೇಕು. ಇವರಿಗೂ ಓದಿ ಹೇಳಿದೆ. ಚಹಾ ಕುಡಿಯುತ್ತಿದ್ದವರು ಕಪ್ಪು ಕೆಳಗಿಟ್ಟರು.

"ಕುಲ್ಸುಮ್, ಫೋನಿನಾಗ ದೇವದುರ್ಗ ಮೂವತ್ತೇಳು ಅಂದ್ರ ಯಾರ ಮನಿ ಅಂತ ನಾ ಕಣ್ ಮುಚ್ಚಿ ಹೇಳ್ತೀನಿ. ನಂಬರ್ ಹೇಳಿದ್ರ ಮನಿ ಸಿಗ್ಲಿ ಅಂತನ ನಂಬರ್ ಇರ್ತದ. ನೀ ಹೆಸರು ತಗದು ವಿಳಾಸ ಕೊಟ್ಟಿ ನೋಡು."

ಇವರು ಟೆಲಿಫೋನ್ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕೂತು ಊರಿನ ಮಾತೆಲ್ಲ ಕಿವಿಯ ಮೇಲೆ ಹಾಯಿಸಿಕೊಳ್ಳುವವರು. ಯಾರ ಮನೆಯ ಜಗಳ, ಯಾರ ಮಗಳ ಸಂಬಂಧ ಮುರಿಯಿತು, ಎಲ್ಲ ಗೊತ್ತಿರುತ್ತದೆ. ಮದುವೆಯಾಗಿ ಮೂರು ವರ್ಷದಲ್ಲಿ ಅದರಲ್ಲಿ ಒಂದನ್ನೂ ಮನೆಗೆ ತಂದಿಲ್ಲ. ನಾನು ಕೆದಕಿದರೆ "ಕಿವಿ ಆಫೀಸಿನಾಗ ಬಿಟ್ಟು ಬಂದೀನಿ" ಅನ್ನುತ್ತಾರೆ. ನನ್ನ ಗಂಡ ಖಾಜಾಮಿಯಾ ಹತ್ತನೇ ಇಯತ್ತೆ ಪಾಸಾದವರು, ನಾನು ಬಿ.ಎ. ಆ ಮಾತು ಅವರಿಗೆ ಹೊಳೆಯಿತು, ನನಗೆ ಹೊಳೆಯಲಿಲ್ಲ.

ಮರುದಿನವೇ ಕುಬ್ರಾಳನ್ನು ಎತ್ತಿಕೊಂಡು ಮಾನ್ವಿಗೆ ಹೋದೆ, ಅಲ್ಲಿಂದ ಹಿರೇಕೊಟ್ನೆಕಲ್‌ಗೆ. ಮಳೆಗೆ ನಂಬರು ಅಳಿಸಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಅಳಿಸಿಲ್ಲ. ಮಲೇರಿಯಾದವರು ಮೊನ್ನೆ ತಾನೇ ಬಂದು ಮತ್ತೆ ತೀಡಿ ಹೋಗಿದ್ದಾರೆ. ಓಣಿಯಲ್ಲಿ ಗೋಲಿ ಆಡುತ್ತಿದ್ದ ಹುಡುಗರಿಗೆ "ಮೂವತ್ತೇಳು ಯಾವ್ದಪ್ಪಾ?" ಅಂದೆ. ತಲೆ ಎತ್ತದೆ ಬೆರಳು ತೋರಿಸಿದರು.

ವೆಂಕಮ್ಮ ಮನೆಯಲ್ಲಿದ್ದಳು, ಗೋಡೆ ಸಾರಿಸುತ್ತಿದ್ದಳು. ಆ ನಂಬರಿನ ಸುತ್ತ ಮಾತ್ರ ಬಿಟ್ಟು ಸಾರಿಸಿದ್ದಳು, "ಅಳಿಸಿದ್ರ ಮಲೇರಿಯಾದವ್ರು ಬೈತಾರ್ರೀ" ಅಂದಳು. ಯಮನಮ್ಮನಿಗೆ ಸಿರವಾರದಲ್ಲಿ ಸಂಬಂಧ ಕೂಡಿಬಂದಿದೆ. ಹುಡುಗ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿ. ಕಾರ್ತೀಕ ಮುಗಿದ ಮೇಲೆ ಮದುವೆ.

"ಹುಡುಗನ ಸ್ವಾದರ ಮಾವ ಕನಕರಾಯ ಅಂತ, ಮಾನ್ವಿ ಬ್ಲಾಕ್ ಆಫೀಸಿನಾಗ ಗುಮಾಸ್ತ ಅದಾನ್ರೀ. ಬಂದ ಟಪಾಲೆಲ್ಲಾ ಅಂವನ ಒಡಿಯೋದಂತ. ಅಂವ ಹೂಂ ಅಂದಿದ್ದಕ್ಕ ಈ ಸಂಬಂಧ ಕೂಡ್ತು. ದೊಡ್ಡ ಮನಸ್ಸಿನವ."

ಟಪಾಲು ಒಡೆಯುವವನು. ಅಕ್ಕಾ, ನಿಮ್ಮ ಅರವತ್ತು ಪ್ರತಿಗಳಲ್ಲಿ ಒಂದು ಆ ಮೇಜಿನ ಮೇಲೇ ಬೀಳುತ್ತದೆ. ಅವನು ಕೆಟ್ಟವನಲ್ಲ. ಸೋದರಳಿಯನಿಗೆ ಹೆಣ್ಣು ತರುವ ಊರಿನ ಹೆಸರು ಕಂಡರೆ ಯಾರಾದರೂ ಓದುತ್ತಾರೆ. ನಿಶ್ಚಯಕ್ಕೆ ಬಂದಾಗ ಆ ನಂಬರಿನ ಪಕ್ಕದಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋದವನು ಅವನು.

ಔಷಧಿ ಮನೆಗೆ ಬರುತ್ತದೆಂದಿರಿ. ಅವಳು ಈಗಾಗಲೇ ಔಷಧಿ ತಗೊಳ್ಳುತ್ತಿದ್ದಾಳೆ! ಬಾಗಿಲಿಗೆ ಜೀಪು ನಿಂತ ದಿನ ಬಿಡುತ್ತಾಳೆ. "ಈ ಊರಲ್ಲಿ ಒಂಬತ್ತು ಮನೆ" ಎಂದಷ್ಟೇ ಬರೆದರೆ ಇಲಾಖೆಯವರಿಗೆ ಸಾಲದೇ? ದಯವಿಟ್ಟು ಆ ಮೂರು ಹಾಳೆ ತೆಗೆಸಿ.

ಬರುವಾಗ ವೆಂಕಮ್ಮ ಕುಬ್ರಾಳನ್ನು ನೋಡಿ, "ಕೂಸು ದೊಡ್ಡದಾಗ್ಯಾದ. ಚೆಂದ ಅದ ಏನ್ರೀ?" ಎಂದು ಕೇಳಿದಳು. ಕೈ ಚಾಚಲಿಲ್ಲ.

ಕುಲ್ಸುಮ್

—

ರಾಯಚೂರು
13-11-1982

ಕುಲ್ಸುಮ್,

ನಿನ್ನ ಹೆಸರು ಅನುಬಂಧದಲ್ಲಿ ಎಲ್ಲೂ ಇಲ್ಲ. ಕ್ಷೇತ್ರ ಸಹಾಯಕಿಯರು ಎಂದಷ್ಟೇ ಇದೆ. ಆದ್ದರಿಂದ ನಿನ್ನ ಮೇಲೆ ಯಾರೂ ಬರುವುದಿಲ್ಲ, ಹೆದರಬೇಡ.

ಸರ್‌ಗೆ ಹೇಳಲು ಹೋದೆ. ಅರ್ಧ ಕೇಳಿ, ಪಟ್ಟಿಯೇ ಇಲ್ಲದಿದ್ದರೆ ವರದಿಯಲ್ಲಿ ಹೊಸದೇನಿದೆ ಅಂದರು. ನಾನು ಹೊರಗೆ ಬಂದೆ. ಪ್ರತಿಗಳಿಗೆ ಪಿನ್ನು ಹಾಕಿ ಆಗಿದೆ. ನನ್ನ ಕೋಣೆಯಲ್ಲೇ ಇವೆ, ಮಂಚದ ಕೆಳಗೆ, ಆಫೀಸಿನಲ್ಲಿ ಜಾಗವಿಲ್ಲದೆ.

ನಿದ್ದೆಯಿಲ್ಲದವರಿಗೆ ಎಲ್ಲ ದೊಡ್ಡದಾಗಿ ಕಾಣುತ್ತದೆ. ಕೂಸು ಆದ ಮೇಲೆ ನನ್ನ ಅಕ್ಕನೂ ಹೀಗೇ ಆಗಿದ್ದಳು. ಡಾಕ್ಟರರಿಗೆ ತೋರಿಸು.

ಗುರುಶಾಂತಮ್ಮ

—

ದೇವದುರ್ಗ
18-11-1982, ಗುರುವಾರ, ಮಧ್ಯಾಹ್ನ ಎರಡು

ಗುರುಶಾಂತಕ್ಕ ಅವರಿಗೆ,

ಈ ಪತ್ರವನ್ನು ಟಪಾಲಿಗೆ ಹಾಕುತ್ತಿಲ್ಲ. ನಾಲ್ಕೂವರೆಯ ರಾಯಚೂರು ಬಸ್ಸಿನ ಕಂಡಕ್ಟರ್ ಅಲ್ಲಾಬಕ್ಷ್ ನಮ್ಮ ನೆರೆಯವರು, ಅವರ ಕೈಯಲ್ಲಿ ಕೊಡುತ್ತಿದ್ದೇನೆ. ಏಳೂವರೆಯೊಳಗೆ ನಿಮ್ಮ ಬಾಗಿಲಿಗೆ ಬರುತ್ತಾರೆ. ನಾನೇ ಬರಬೇಕಿತ್ತು. ಕುಬ್ರಾಳಿಗೆ ನಿನ್ನೆಯಿಂದ ಜ್ವರ, ಮೇಲಿನ ಹಲ್ಲು ಬರುತ್ತಿವೆ. ನಿಮ್ಮ ಮನೆ ಮಾಲೀಕರ ಫೋನಿಗೆ ಬೆಳಿಗ್ಗೆಯಿಂದ ಪ್ರಯತ್ನಿಸಿ ಸಾಕಾಯಿತು. ಆ ಲೈನು ಕೆಟ್ಟು ನಾಲ್ಕು ದಿನವಾಯಿತಂತೆ. ಆಫೀಸಿಗೆ ಮಾಡಿದೆ, ನೀವು ಇರಲಿಲ್ಲ. ಎತ್ತಿದವರು ಏನು ವಿಷಯ ಅಂದರು. ಏನೂ ಇಲ್ಲ ಅಂದು ಇಟ್ಟೆ.

ಡಾಕ್ಟರರಿಗೆ ತೋರಿಸು ಅಂದಿರಿ. ತಪ್ಪು ಹೇಳಲಿಲ್ಲ. ನಾನು ನಿಮಗೆ ಒಂದು ವಿಷಯ ಬರೆದಿಲ್ಲ, ಈಗ ಬರೆಯುತ್ತೇನೆ.

ಅಂದು ವೆಂಕಮ್ಮ ಕೂಸನ್ನು ನನ್ನ ಮಡಿಲಿಗೆ ಕೊಟ್ಟು ಹೇಳಿದಳಲ್ಲ, ನಾನು ತಲೆಯಾಡಿಸಿ, "ಮಾತ್ರಿ ತಗೊಳ್ಳಾಕತ್ತೀರಿ, ಭಯ ಏನಿಲ್ಲ" ಅಂದೆ. ನೀವು ಎರಡು ದಿನ ಕೊಟ್ಟ ತರಬೇತಿಯಲ್ಲಿ ಕಲಿತದ್ದನ್ನೇ ಅಂದೆ. ಆಮೇಲೆ ಮಾನ್ವಿಗೆ ಬಂದು ಕುಬ್ರಾಳಿಗೆ ಎರಡು ಸಲ ಸ್ನಾನ ಮಾಡಿಸಿದೆ. ಅವಳು ಹಾಕಿಕೊಂಡಿದ್ದ ಹಳದಿ ಅಂಗಿಯನ್ನು ಒಲೆಗೆ ಹಾಕಿದೆ. ಅಮ್ಮೀ ಕೇಳಿದರೆ ಕಿಡಿ ಹಾರಿ ಸುಟ್ಟಿತು ಅಂದೆ.

ಅಂದಿನಿಂದ ನನಗೆ ನಿದ್ದೆಯಿಲ್ಲ. ಇವರು ಡ್ಯೂಟಿಗೆ ಹೋದ ಮೇಲೆ ಮಲಗಿದ ಕೂಸಿನ ಬೆನ್ನಿಗೆ, ಕಾಲಿಗೆ ಹತ್ತಿಯ ಎಳೆ ತಾಗಿಸಿ ನೋಡುತ್ತೇನೆ. ಅವಳು ಮುಲುಗಿ ಕಾಲು ಎಳೆದುಕೊಂಡರೆ ಅಲ್ಹಮ್ದುಲಿಲ್ಲಾ ಅನ್ನುತ್ತೇನೆ. ಮತ್ತೆ ಅರ್ಧ ತಾಸಿಗೆ ನೋಡುತ್ತೇನೆ. ಒಂದು ವೇಳೆ ಬರುವುದಾದರೂ ವರ್ಷಗಟ್ಟಲೆ ಹಿಡಿಯುತ್ತದೆಂದೂ ಗೊತ್ತು, ಆದರೂ ನೋಡುತ್ತೇನೆ. ಹಳೆಯ ಫಾರಂಗಳನ್ನು ನಾನು ಮರೆತು ಇಟ್ಟುಕೊಂಡದ್ದಲ್ಲ. ವೆಂಕಮ್ಮನ ಫಾರಂ ತೆಗೆದು, ಎಷ್ಟು ತಿಂಗಳಿಂದ ಮಾತ್ರೆ ನುಂಗುತ್ತಿದ್ದಾಳೆಂದು ಮತ್ತೆ ಮತ್ತೆ ಓದಿಕೊಳ್ಳಲು ಇಟ್ಟುಕೊಂಡೆ. ಅವಳು ನನ್ನ ಹೊಟ್ಟೆಯಲ್ಲಿ ಹಾಕಿದ್ದನ್ನು ನಾನು ಹೀಗೆ ಬಳಸಿದೆ.

ಈ ತಿಂಗಳು ಹೋದಾಗ ಕೂಸನ್ನು ನಾನೇ ಅವಳ ಕೈಗೆ ಕೊಡಬೇಕೆಂದು ಬಸ್ಸಿನಲ್ಲೆಲ್ಲ ಹೇಳಿಕೊಂಡು ಹೋದೆ. ಅವಳು ಚೆಂದ ಅದ ಏನ್ರೀ ಅಂದಾಗ ನನ್ನ ಕೈ ಏಳಲಿಲ್ಲ. ಅವಳು ಅದನ್ನು ನೋಡಿದಳು. ನೋಡಿಯೂ ಬೆಲ್ಲ, ಶೇಂಗಾ ಕಾಗದದಲ್ಲಿ ಕಟ್ಟಿಕೊಟ್ಟಳು.

ಅಕ್ಕಾ, ನಾನು ಓದಿದವಳು, ತರಬೇತಿಯಾದವಳು, ಅವಳನ್ನು ಕಂಡರೆ ಪ್ರೀತಿ ಇರುವವಳು. ನನಗೇ ಹೀಗಾಯಿತು. ಇನ್ನು ಮೂವತ್ತೇಳು ಎಂದು ಓದಿದ ಕನಕರಾಯ ಏನು ಮಾಡಿಯಾನು? ಸಿರವಾರದವರು ಯಮನಮ್ಮನ ಕೈಯಿಂದ ನೀರು ಕುಡಿದಾರೇ? ಉಳಿದ ಎಂಟು ಬಾಗಿಲುಗಳ ಒಳಗೆ ಯಾರಿದ್ದಾರೋ, ಅವರಿಗೂ ನಾನೇ ಮಾತು ಕೊಟ್ಟು ಬಂದಿದ್ದೇನೆ.

ಹಳೆ ಫಾರಂಗಳ ಮೂಲೆಯಲ್ಲಿದ್ದ ಹೆಸರುಗಳನ್ನೂ ನಂಬರುಗಳನ್ನೂ ಇಂದು ಬೆಳಿಗ್ಗೆ ಕತ್ತರಿಸಿ ಒಲೆಗೆ ಹಾಕಿದೆ. ಉಳಿದದ್ದನ್ನು ಕಲಸಿ ಒಂದರಿಂದ ನೂರಾ ಹನ್ನೆರಡರವರೆಗೆ ಹೊಸ ನಂಬರು ಹಾಕಿದ್ದೇನೆ. ಈಗ ಯಾವುದು ಯಾರದೆಂದು ನನಗೂ ತಿಳಿಯದು. ಬರುವ ವಾರ ನಾನೇ ತಂದು ಒಪ್ಪಿಸುತ್ತೇನೆ. ಮೂಲ ಕೆಡಿಸಿದಳೆಂದು ಸರ್ ಬೈದರೆ ನನ್ನ ಹೆಸರು ಹೇಳಿ, ನಿಮ್ಮದಲ್ಲ. ನಿಮ್ಮ ಹತ್ತಿರವಿರುವ ನಕಲುಗಳ ಮೇಲಿನ ನಂಬರುಗಳನ್ನೂ ಹಾಗೆಯೇ ಮಾಡಬೇಕಾಗುತ್ತದೆ, ಅದನ್ನು ಇಬ್ಬರೂ ಕೂತು ಮಾಡೋಣ.

ಇಂದು ಆಗಬೇಕಾದದ್ದು ಒಂದೇ. ಪ್ರತಿಗಳು ನಿಮ್ಮ ಮಂಚದ ಕೆಳಗಿವೆ ಎಂದು ನೀವೇ ಬರೆದಿರಿ. ಆ ಸಾಲನ್ನು ನೀವು ಸುಮ್ಮನೆ ಬರೆಯಲಿಲ್ಲ ಅಂತ ನನಗನಿಸಿತು. ತಪ್ಪು ತಿಳಿದಿದ್ದರೆ ಕ್ಷಮಿಸಿ. ಅರವತ್ತು ಪ್ರತಿ, ಒಂದೊಂದರಿಂದಲೂ ಕೊನೆಯ ಮೂರು ಹಾಳೆ ತೆಗೆಯಿರಿ. ಮುಖಪುಟ ಹಾಗೇ ಇರುತ್ತದೆ, ನಿಮ್ಮ ಹೆಸರೂ ಇರುತ್ತದೆ.

ಇವರು ಇಂದು ಒಂಬತ್ತರಿಂದ ನಾಳೆ ಆರರವರೆಗೆ ಬೋರ್ಡಿನ ಮುಂದೆ ಇರುತ್ತಾರೆ. ರಾಯಚೂರಿನ ತಾರು ಆಫೀಸು ರಾತ್ರಿಯಿಡೀ ತೆರೆದಿರುತ್ತದಂತೆ, ನಿಮ್ಮ ಕೋಣೆಯಿಂದ ಹತ್ತು ನಿಮಿಷದ ದಾರಿ. ಅಲ್ಲಿಂದ ಟ್ರಂಕ್ ಕಾಲ್ ಮಾಡಿ ದೇವದುರ್ಗ ಎಕ್ಸ್‌ಚೇಂಜ್ ಕೇಳಿ. ಲೈನಿನ ಮೇಲೆ ರಾಯಚೂರಿನ ಆಪರೇಟರೂ ಕೇಳುತ್ತಿರುತ್ತಾರೆ. ಊರಿನ ಹೆಸರು, ಹೆಂಗಸಿನ ಹೆಸರು, ನಂಬರು ಏನೂ ಬೇಡ. "ತೆಗೆದೆ" ಅನ್ನಿ, ಸಾಕು. ಇವರು ಏನನ್ನೂ ಕೇಳುವುದಿಲ್ಲ. ಡ್ಯೂಟಿ ಮುಗಿದ ಮೇಲೆ ಮನೆಗೆ ಬಂದು ಆ ಒಂದು ಮಾತನ್ನು ನನಗೆ ಹೇಳುತ್ತಾರೆ. ಮೂರು ವರ್ಷದಲ್ಲಿ ಮೊದಲ ಸಲ ಆಫೀಸಿನ ಮಾತು ಮನೆಗೆ ತರಲು ಒಪ್ಪಿದ್ದಾರೆ.

ಕುಬ್ರಾ ಎದ್ದಳು. ಅಲ್ಲಾಬಕ್ಷ್ ಹೊರಗೆ ನಿಂತಿದ್ದಾರೆ.

ಜೀಪು ಎಂಟಕ್ಕೆ ಹೊರಡುತ್ತದೆ. ಅಕ್ಕಾ, ನಿಮ್ಮ ಕಾಲಿಗೆ ಬೀಳುತ್ತೇನೆ, ಬೆಳಗಾಗುವುದರೊಳಗೆ ಫೋನ್ ಮಾಡ್ರಿ.

ಉಮ್ಮೇ ಕುಲ್ಸುಮ್